ಹಳೆಯ ಸಿಎನ್‌ಸಿ ರೌಟರ್‌ಗೆ ಹೊಸ ಕಂಟ್ರೋಲರ್

ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್‌ಗಳನ್ನು ತಯಾರಿಸಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು ಮಾತ್ರ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಈಗಲೂ ದುಡಿಯುತ್ತಿವೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಆ ಹೆಸರಿಗೆ ಇವತ್ತಿಗೂ ಬೆಲೆಯಿದೆ. ತಯಾರಿಸಿದ ಕಂಪನಿಯೇ ಇಲ್ಲವಾದ ಮೇಲೂ ಯಂತ್ರ ಬದುಕಿರುವುದಕ್ಕೆ ಬೀಡು ಕಬ್ಬಿಣದ ಗಟ್ಟಿತನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಲೇತ್‌ನೊಳಗೆ ಊರಿನ ಟರ್ನರ್‌ಗೆ ಅರ್ಥವಾಗದ ಭಾಗ ಒಂದೂ ಇಲ್ಲದಿರುವುದು. ನಟ್ ಸವೆದರೆ ಗನ್‌ಮೆಟಲ್‌ನಲ್ಲಿ ಹೊಸದನ್ನು ತಿರುವಿ ಕೂರಿಸಬಹುದು, ಗೇರಿನ ಹಲ್ಲು ಮುರಿದರೆ ಇನ್ನೊಂದು ಗೇರ್ ಕತ್ತರಿಸಬಹುದು. ರಿಪೇರಿಯ ವಿದ್ಯೆ ಕಾರ್ಖಾನೆಯ ಗೇಟಿನೊಳಗೆ ಉಳಿಯದೆ ಊರಿಗೆ ಹರಡಿತ್ತು. ಕಂಪ್ಯೂಟರ್ ಆದೇಶದಂತೆ ಕೆತ್ತುವ ಹಳೆಯ ಹವ್ಯಾಸಿ ಸಿಎನ್‌ಸಿ ರೌಟರ್ ಒಂದನ್ನು ಗುಜರಿಗೆ ಹಾಕುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಬಂದಾಗ ನಾವು ಹಿಡಿಯಬೇಕಾದ ಅಳತೆಗೋಲು ಇದೇ ಎಂಬುದು ಈ ಅಧ್ಯಾಯದ ವಾದ. ಇಂಥ ರೌಟರ್‌ನಲ್ಲಿ ಮೊದಲು ಮುದಿಯಾಗುವುದು ಕಂಟ್ರೋಲ್. ಅದನ್ನು ಬದಲಿಸುವುದು ಲಾಭದಾಯಕ. ಆದರೆ ಬದಲಿಗೆ ತರುವ ಕಂಟ್ರೋಲ್ ಊರಿನವರ ಕೈಗೆ ನಿಲುಕುವಂಥದ್ದಾಗಿರಬೇಕು.

ಬಾಗಿಲು, ದೇವರ ಮಂಟಪಗಳ ಮೇಲೆ ಬಳ್ಳಿ ಕೆತ್ತುವ, ಅಕ್ರಿಲಿಕ್ ಹಾಳೆಯಲ್ಲಿ ಬೋರ್ಡಿನ ಅಕ್ಷರ ಕತ್ತರಿಸುವ ಸಣ್ಣ ರೌಟರ್‌ನ ಒಳಗುಟ್ಟು ಸರಳವಾದದ್ದು. ಪ್ರತಿ ಅಕ್ಷಕ್ಕೆ ಒಂದು ಸ್ಟೆಪ್ಪರ್ ಮೋಟಾರ್ ಇರುತ್ತದೆ. ಒಂದು ವಿದ್ಯುತ್ ಮಿಡಿತ ಬಂದರೆ ಮೋಟಾರ್ ಒಂದು ಹೆಜ್ಜೆ ತಿರುಗುತ್ತದೆ. ಸಾಮಾನ್ಯ ಸ್ಟೆಪ್ಪರ್‌ನ ಹೆಜ್ಜೆ 1.8 ಡಿಗ್ರಿ, ಅಂದರೆ ಸುತ್ತಿಗೆ 200 ಹೆಜ್ಜೆ. ಮೋಟಾರ್‌ಗೆ ಕರೆಂಟ್ ಕೊಡುವ ಡ್ರೈವರ್ ಪ್ರತಿ ಹೆಜ್ಜೆಯನ್ನೂ ಹತ್ತಾಗಿ ಒಡೆದರೆ ಸುತ್ತಿಗೆ 2,000 ಮಿಡಿತ ಬೇಕು. ಮೋಟಾರ್ ತಿರುಗಿಸುವ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವಂತಿದ್ದರೆ ಒಂದು ಮಿಲಿಮೀಟರ್‌ಗೆ 400 ಮಿಡಿತ. ಮಿಡಿತಗಳ ಲಯ ತಪ್ಪದಂತೆ, ಮೂರೂ ಅಕ್ಷಗಳ ನಡುವೆ ತಾಳ ಕೆಡದಂತೆ ನೋಡಿಕೊಳ್ಳುವುದೇ ಕಂಟ್ರೋಲ್‌ನ ಕೆಲಸ. ಸುಮಾರು ಹದಿನೈದು ವರ್ಷಗಳ ಹಿಂದಿನ ಹವ್ಯಾಸಿ ಯಂತ್ರಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮೇಜಿನ ಕಂಪ್ಯೂಟರ್ ತಾನೇ ಮಾಡುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಮೇಲೆ ಓಡುವ ಮ್ಯಾಕ್3 ತಂತ್ರಾಂಶ, ಪ್ರಿಂಟರ್‌ಗೆಂದು ಇದ್ದ ಪ್ಯಾರಲಲ್ ಪೋರ್ಟ್ ಮೂಲಕ ಮಿಡಿತಗಳನ್ನು ಕಳಿಸುತ್ತಿತ್ತು. ಆ ಕಾಲಕ್ಕೆ ಅದು ಜಾಣ ಉಪಾಯ. ಸಾವಿರಾರು ಜನರ ಕೈಗೆ ಸಿಎನ್‌ಸಿ ತಂದುಕೊಟ್ಟದ್ದೇ ಅದು. ಆದರೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಮ್ಯಾಕ್3ಯ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್ ಮೇಲೆ ಓಡುವುದಿಲ್ಲ. ಹೊಸ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಹಾಗಾಗಿ ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್ ಸುಟ್ಟ ದಿನ, ಫ್ರೇಮು ನೆಟ್ಟಗಿರುವ, ಮೋಟಾರ್ ಚೆನ್ನಾಗಿರುವ ಯಂತ್ರವೂ ಟಾರ್ಪಾಲಿನ ಕೆಳಗೆ ಸೇರಿಬಿಡುತ್ತದೆ.

ಈಗಿನ ಪದ್ಧತಿಯಲ್ಲಿ ಮಿಡಿತ ಎಣಿಸುವ ಕೆಲಸ ಕಂಪ್ಯೂಟರ್‌ನಿಂದ ಹೊರಬಂದು ಅಂಗೈ ಅಗಲದ ಬೋರ್ಡಿಗೆ ದಾಟಿದೆ. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ತೋರಿಸಿದಾಗ ಅದರ ಕಂಟ್ರೋಲ್ ವ್ಯಾಕ್ಯೂಮ್ ಟ್ಯೂಬುಗಳು ತುಂಬಿದ ಬೀರುಗಳಲ್ಲಿ ಕೂತಿತ್ತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಆರಂಭಿಸಿದ, ಮುಂದೆ ಸುಂಗೆನ್ ಜಿಯಾನ್ ಬೆಳೆಸಿದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ, 16 ಮೆಗಾಹರ್ಟ್ಸ್ ವೇಗದ, 2 ಕಿಲೋಬೈಟ್ ರ‍್ಯಾಮ್ ಇರುವ ಆರ್ಡುಯಿನೊ ಊನೊ ಬೋರ್ಡಿನಲ್ಲೇ ಮೂರು ಅಕ್ಷಗಳನ್ನು ನಡೆಸುತ್ತದೆ. ಸೆಕೆಂಡಿಗೆ 30,000 ಮಿಡಿತ ಅದರ ಮಿತಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಅದು ಸೆಕೆಂಡಿಗೆ 75 ಮಿಲಿಮೀಟರ್, ನಿಮಿಷಕ್ಕೆ 4,500 ಮಿಲಿಮೀಟರ್ ಆಯಿತು. ಹಳೆಯ ಹವ್ಯಾಸಿ ಫ್ರೇಮು ತೇಗದಲ್ಲಿ ಅಲುಗದೆ ಕತ್ತರಿಸುವ ವೇಗ ಇದಕ್ಕಿಂತ ಕಡಿಮೆಯೇ ಇರುತ್ತದೆ. ಅಕ್ಷರ ಕತ್ತರಿಸುವವರಿಗೆ ಈ ಪುಟ್ಟ ಬೋರ್ಡ್ ಸಾಕು. ಉಬ್ಬು ಕೆತ್ತನೆಯವರ ಕಥೆ ಬೇರೆ. ದೇವರ ಮುಖದ ಕೆನ್ನೆಯ ಇಳಿಜಾರನ್ನು ಲಕ್ಷಾಂತರ ಪುಟ್ಟ ಗೆರೆಗಳಾಗಿ ಒಡೆದ ಫೈಲನ್ನು ಓದುವಾಗ, ಮುಂದಿನ ಹದಿನೈದು-ಹದಿನಾರು ಗೆರೆಗಳನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳಬಲ್ಲ ಊನೊ ತಡವರಿಸುತ್ತದೆ. ಯಂತ್ರ ಜಗ್ಗಿ ಜಗ್ಗಿ ಓಡುತ್ತದೆ. ಅವರು 32 ಬಿಟ್ ಬೋರ್ಡಿಗೆ ಹೋಗುವುದು ಲೇಸು. ಇಎಸ್‌ಪಿ32 ಚಿಪ್ಪಿನ ಮೇಲೆ ಓಡುವ ಫ್ಲೂಯಿಡ್‌ಎನ್‌ಸಿ ತಂತ್ರಾಂಶ ಮೆಮೊರಿ ಕಾರ್ಡಿನಿಂದ ನೇರವಾಗಿ ಫೈಲ್ ಓದುತ್ತದೆ, ವೈಫೈ ಮೂಲಕ ಮೊಬೈಲಿನಲ್ಲೇ ಯಂತ್ರವನ್ನು ನಡೆಸಲು ಬಿಡುತ್ತದೆ. ಕಟ್ಟಿಗೆಯ ಧೂಳು ನುಂಗುವ ಕಂಪ್ಯೂಟರ್ ಯಂತ್ರದ ಪಕ್ಕದಲ್ಲಿ ಇರಬೇಕಾಗಿಯೇ ಇಲ್ಲ.

ಹೊಸ ಬೋರ್ಡ್ ಕೊಂಡ ಮಾತ್ರಕ್ಕೆ ಯಂತ್ರ ಹೊಸದಾಗುವುದಿಲ್ಲ ಎಂಬ ಎಚ್ಚರ ಇಲ್ಲಿ ಬೇಕು. ಸ್ಕ್ರೂ ಮತ್ತು ನಟ್ಟಿನ ನಡುವೆ ಪ್ಲೇ, ಅಂದರೆ ಸಡಿಲು, ಇದ್ದರೆ ದುಂಡಗೆ ಕತ್ತರಿಸಬೇಕಾದ ರಂಧ್ರ ಯಾವ ಕಂಟ್ರೋಲ್ ಇದ್ದರೂ ಮೊಟ್ಟೆಯಾಕಾರವೇ ಆಗುತ್ತದೆ. ಮ್ಯಾಕ್3ಯಲ್ಲಿ ಪ್ಲೇ ಸರಿದೂಗಿಸುವ ಒಂದು ಸೌಲಭ್ಯವಿತ್ತು. ಜಿಆರ್‌ಬಿಎಲ್‌ನ ಮೂಲ ಆವೃತ್ತಿಯಲ್ಲಿ ಅದೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು ಎಂದು ನನ್ನ ಭಾವನೆ, ಏಕೆಂದರೆ ಕಬ್ಬಿಣದ ದೋಷವನ್ನು ಕಬ್ಬಿಣದಲ್ಲೇ ತಿದ್ದಬೇಕು. ಆದ್ದರಿಂದ ಕಂಟ್ರೋಲರ್ ಆರ್ಡರ್ ಮಾಡುವ ಮುನ್ನ ಡಯಲ್ ಗೇಜ್ ತೆಗೆದುಕೊಳ್ಳಿ. ಅಕ್ಷವನ್ನು ಒಂದು ದಿಕ್ಕಿಗೆ ಸರಿಸಿ ಮುಳ್ಳನ್ನು ಸೊನ್ನೆಗೆ ತಂದು, ಅದೇ ದಿಕ್ಕಿನಲ್ಲಿ ಇನ್ನೊಂದಿಷ್ಟು ಸರಿಸಿ, ಅಷ್ಟನ್ನೇ ಹಿಂದಕ್ಕೆ ತನ್ನಿ. ಮುಳ್ಳು ಸೊನ್ನೆಗೆ ಮರಳದೆ ಎಷ್ಟು ಹಿಂದೆ ಉಳಿಯಿತೋ ಅಷ್ಟು ಪ್ಲೇ ಇದೆ. ಕತ್ತರಿಸುವ ಉಪಕರಣವನ್ನು ತಿರುಗಿಸುವ ಸ್ಪಿಂಡಲ್ ಹಿಡಿದ ಕಮಾನನ್ನು ಕೈಯಿಂದ ತಳ್ಳಿ ಗೇಜಿನ ಮುಳ್ಳು ಎಷ್ಟು ಓಲಾಡುತ್ತದೆ ನೋಡಿ. ನಟ್ ಬದಲಿಸುವುದು, ಬೇರಿಂಗ್ ಕೂರಿಸುವುದು, ಸ್ಕ್ರೂ ತುದಿಯನ್ನು ಲೇತ್‌ನಲ್ಲಿ ಹದಕ್ಕೆ ತಿರುವುವುದು ಹರಿಹರದಲ್ಲಿ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಲೇತ್ ಕಟ್ಟಿದ ಊರಿನಲ್ಲಿ ರೌಟರ್‌ನ ಮೈ ಸರಿಪಡಿಸುವವರು ಸಿಗದೆ ಹೋಗುವುದಿಲ್ಲ.

ವಿದ್ಯುತ್ ಭಾಗದಲ್ಲಿ ತೋರುವ ಅಸಡ್ಡೆಯೇ ಇಂಥ ಬದಲಾವಣೆಗಳಲ್ಲಿ ಹೆಚ್ಚಿನ ತಲೆನೋವಿಗೆ ಮೂಲ. ಹಳೆಯ ಯಂತ್ರಗಳಲ್ಲಿ ಟಿಬಿ6560 ಚಿಪ್ಪಿನ ಮೂರು ಡ್ರೈವರ್‌ಗಳು ಒಂದೇ ಬೋರ್ಡಿನಲ್ಲಿ ಇರುತ್ತಿದ್ದವು. ಒಂದು ಸುಟ್ಟರೆ ಇಡೀ ಬೋರ್ಡ್ ಬದಲಿಸಬೇಕಾಗುತ್ತಿತ್ತು. ಅಕ್ಷಕ್ಕೊಂದು ಬಿಡಿ ಡ್ರೈವರ್ ಹಾಕಿದರೆ ಸುಟ್ಟದ್ದನ್ನಷ್ಟೇ ತೆಗೆದು ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಮರಳಬಹುದು. ನಿಮಿಷಕ್ಕೆ 24,000 ಸುತ್ತು ತಿರುಗುವ ಸ್ಪಿಂಡಲ್‌ಗೆ, ವಿದ್ಯುತ್ತಿನ ಆವರ್ತನ ಬದಲಿಸುವ ವಿಎಫ್‌ಡಿ 400 ಹರ್ಟ್ಸ್‌ನ ವಿದ್ಯುತ್ ಕೊಡುತ್ತದೆ. ಅದರ ಕೇಬಲಿನಿಂದ ಚಿಮ್ಮುವ ಗದ್ದಲ ಪಕ್ಕದ ಲಿಮಿಟ್ ಸ್ವಿಚ್ಚಿನ ತಂತಿಗೆ ಹೊಕ್ಕರೆ, ಯಂತ್ರ ಅಂಚು ಮುಟ್ಟದೆಯೇ ಮುಟ್ಟಿದೆನೆಂದು ನಿಂತುಬಿಡುತ್ತದೆ. ಶೀಲ್ಡ್ ಇರುವ ಕೇಬಲ್, ಸರಿಯಾದ ಅರ್ತಿಂಗ್, ಸ್ಪಿಂಡಲ್ ತಂತಿ ಮತ್ತು ಸ್ವಿಚ್ ತಂತಿಗಳ ನಡುವೆ ಅಂತರ: ಇಷ್ಟಿದ್ದರೆ ಈ ಕಾಟದ ಬಹುಪಾಲು ಹೋಗುತ್ತದೆ. ಲಿಮಿಟ್ ಸ್ವಿಚ್ಚುಗಳನ್ನು ಸಾಮಾನ್ಯ ಸ್ಥಿತಿಯಲ್ಲಿ ವಿದ್ಯುತ್ ಹರಿಯುವಂತೆ ಜೋಡಿಸಬೇಕು. ಆಗ ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ. ಎಮರ್ಜೆನ್ಸಿ ಬಟನ್ ತಂತ್ರಾಂಶಕ್ಕೆ ಸುದ್ದಿ ಮುಟ್ಟಿಸಿದರೆ ಸಾಲದು, ಮೋಟಾರ್ ಮತ್ತು ಸ್ಪಿಂಡಲ್‌ನ ಕರೆಂಟನ್ನೇ ಕಡಿಯಬೇಕು. ಇದರಲ್ಲಿ ರಾಜಿ ಕೂಡದು.

ಕರೆಂಟ್ ಹೋಗುವ ಊರುಗಳಿಗೆ ಹೊಸ ಕಂಟ್ರೋಲ್ ಕೊಡುವ ದೊಡ್ಡ ಉಪಕಾರ ಹೋಮಿಂಗ್, ಅಂದರೆ ಯಂತ್ರ ಸ್ವಿಚ್ಚುಗಳನ್ನು ಮುಟ್ಟಿ ತನ್ನ ಮೂಲಸ್ಥಾನವನ್ನು ಕಂಡುಕೊಳ್ಳುವುದು. ಅಕ್ಷಗಳಿಗೆ ಹೋಮ್ ಸ್ವಿಚ್ ಇಲ್ಲದ ಹಳೆಯ ಯಂತ್ರಗಳಲ್ಲಿ ಅರ್ಧ ಕೆತ್ತಿದ ಬಾಗಿಲಿನ ಮೇಲೆ ಕರೆಂಟ್ ಹೋದರೆ ಉಪಕರಣ ಎಲ್ಲಿತ್ತೆಂಬ ಲೆಕ್ಕವೇ ಅಳಿಸಿಹೋಗುತ್ತದೆ, ಹಲಗೆ ಹಾಳು. ಜಿಆರ್‌ಬಿಎಲ್ ಕೆಲಸದ ಮೂಲಬಿಂದುವನ್ನು, ಅಂದರೆ ಜಿ54 ಎಂಬ ಸ್ಥಾನವನ್ನು, ಕರೆಂಟ್ ಹೋದರೂ ಅಳಿಯದ ನೆನಪಿನಲ್ಲಿ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ಹೋಮ್ ಮಾಡಿಸಿ, ಫೈಲಿನ ಸರಿಯಾದ ಸಾಲಿನಿಂದ ಮುಂದುವರಿಸಿದರೆ ಹಲಗೆ ಉಳಿಯುತ್ತದೆ.

ಇಷ್ಟೆಲ್ಲ ಪಾಡು ಏಕೆ, ಹೊಸ ಯಂತ್ರವನ್ನೇ ಕೊಳ್ಳಬಾರದೇ ಎನ್ನುವವರ ಮಾತಿನಲ್ಲಿ ಹುರುಳಿದೆ. ಫ್ರೇಮು ಎಂಡಿಎಫ್ ಹಲಗೆಯದಾಗಿದ್ದು ತೇವಕ್ಕೆ ಉಬ್ಬಿದ್ದರೆ, ಆಧಾರವಿಲ್ಲದ ದುಂಡು ಸರಳುಗಳು ನಡುವೆ ಬಾಗಿದ್ದರೆ, ಅಂಥ ಯಂತ್ರದ ಮೇಲೆ ದುಡ್ಡು ಸುರಿಯಬೇಡಿ ಎಂದೇ ನಾನೂ ಹೇಳುತ್ತೇನೆ. ಅಲ್ಯೂಮಿನಿಯಂ ಅಥವಾ ಉಕ್ಕಿನ ಫ್ರೇಮು ನೆಟ್ಟಗಿದ್ದರೆ ಲೆಕ್ಕ ತಿರುಗುತ್ತದೆ. ಬೋರ್ಡ್, ಡ್ರೈವರ್, ಪವರ್ ಸಪ್ಲೈ ಸೇರಿದರೂ ಅದೇ ಗಾತ್ರದ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು. ಮೇಲಾಗಿ ಅಗ್ಗದ ಹೊಸ ಯಂತ್ರದೊಂದಿಗೆ ನಕ್ಷೆಯಿಲ್ಲದ, ತಯಾರಕರ ಹೊರತು ಯಾರಿಗೂ ಬಿಚ್ಚಲಾಗದ ಕಂಟ್ರೋಲ್ ಬಂದರೆ, ಹತ್ತು ವರ್ಷಕ್ಕೆ ಮತ್ತೆ ಇದೇ ಕಷ್ಟಕ್ಕೆ ಬಂದು ನಿಲ್ಲುತ್ತೇವೆ. ಮುಕ್ತ ತಂತ್ರಾಂಶ ಹವ್ಯಾಸಿಗಳ ಆಟಿಕೆ, ದುಡಿಮೆಗೆ ನಂಬಲಾಗದು ಎಂಬುದು ಇನ್ನೊಂದು ಆಕ್ಷೇಪ. ಆದರೆ ಇಂಥದೇ ಮುಕ್ತ ತಂತ್ರಾಂಶವಾದ ಲಿನಕ್ಸ್‌ಸಿಎನ್‌ಸಿ ಹುಟ್ಟಿದ್ದು ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಯಂತ್ರ ನಿಯಂತ್ರಣ ಯೋಜನೆಯಲ್ಲಿ. ದೊಡ್ಡ ಮಿಲ್ಲಿಂಗ್ ಯಂತ್ರಗಳನ್ನೂ ಅದು ನಡೆಸುತ್ತದೆ. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್ ಇನ್ನೂ ಜೀವಂತವಾಗಿದ್ದರೆ ಅದರ ಮೇಲೂ ಇದನ್ನು ಓಡಿಸಬಹುದು. ಮೋಟಾರ್ ಹೆಜ್ಜೆ ತಪ್ಪಿದರೆ ಜಿಆರ್‌ಬಿಎಲ್‌ಗೆ ಗೊತ್ತಾಗುವುದಿಲ್ಲ ಎಂಬುದು ನಿಜ, ಆದರೆ ಹಳೆಯ ವ್ಯವಸ್ಥೆಗೂ ಅದು ಗೊತ್ತಾಗುತ್ತಿರಲಿಲ್ಲ. ಆ ಭರವಸೆ ಬೇಕಾದವರಿಗೆ ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪ್ಪರ್‌ಗಳು ಸಿಗುತ್ತವೆ. ಓಡುತ್ತಿರುವ ಯಂತ್ರವನ್ನು ಏಕೆ ಬಿಚ್ಚಬೇಕು ಎನ್ನುವವರಿಗೆ ಉತ್ತರ ಚಿಕ್ಕದು: ಬಿಚ್ಚಬೇಡಿ. ಆದರೆ ಮ್ಯಾಕ್3 ತನ್ನೆಲ್ಲ ಸೆಟ್ಟಿಂಗ್‌ಗಳನ್ನು ಬರೆದಿಡುವ ಎಕ್ಸ್‌ಎಂಎಲ್ ಫೈಲನ್ನು ಇಂದೇ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಹಾರ್ಡ್ ಡಿಸ್ಕ್ ಹೇಳಿ ಕೇಳಿ ಸಾಯುವುದಿಲ್ಲ.

ಕಬ್ಬಿಣದ ವಿದ್ಯೆ ಹರಿಹರದಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ವಿದ್ಯೆ ಹದಿನಾಲ್ಕು ಕಿಲೋಮೀಟರ್ ಆಚೆ ದಾವಣಗೆರೆಯಲ್ಲಿ ಧಾರಾಳವಾಗಿದೆ. 1951ರಲ್ಲಿ ಆರಂಭವಾದ ಯುಬಿಡಿಟಿ, 1979ರಲ್ಲಿ ಬಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿವರ್ಷ ಪದವೀಧರರು ಹೊರಬರುತ್ತಾರೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೇಜಿನ ಮೇಲಿನ ಮಾದರಿ ಕಟ್ಟುವುದಕ್ಕಿಂತ, ಊರಿನ ಕೆತ್ತನೆ ಅಂಗಡಿಯಲ್ಲಿ ಕೆಟ್ಟು ನಿಂತ ಒಂದು ರೌಟರ್‌ಗೆ ಜೀವ ಕೊಟ್ಟರೆ ವಿದ್ಯಾರ್ಥಿ ಫಿಟ್ಟರ್‌ನಿಂದ ಪ್ಲೇ ಅಳೆಯುವುದನ್ನು ಕಲಿಯುತ್ತಾನೆ, ಫಿಟ್ಟರ್ ವಿದ್ಯಾರ್ಥಿಯಿಂದ ಡ್ರೈವರ್‌ನ ಸೆಟ್ಟಿಂಗ್ ಕಲಿಯುತ್ತಾನೆ. ಪ್ರಾಜೆಕ್ಟ್ ಕೊಡುವ ಅಧ್ಯಾಪಕರು ಇದನ್ನು ಯೋಚಿಸಲಿ ಎಂದು ಕೋರುತ್ತೇನೆ. ಯಂತ್ರದ ಒಡೆಯರಲ್ಲಿ ಒಂದು ವಿನಂತಿ: ಕೆಲಸ ಮುಗಿದ ದಿನವೇ ವೈರಿಂಗ್ ನಕ್ಷೆ, ಡ್ರೈವರ್‌ನ ಸ್ವಿಚ್ಚುಗಳ ಸ್ಥಾನ, ಕಂಟ್ರೋಲರ್‌ನ ಎಲ್ಲ ಸೆಟ್ಟಿಂಗ್‌ಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಮುಂದೆ ಆ ಬಾಗಿಲು ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.