ಕೆಂಪು ಗೆರೆಯ ಮರ್ಮ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಲ್ಲಿ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡುತ್ತಿರುವನೆಂದು ಭಾವಿಸೋಣ. ಊರಿನ ಹೆಸರನ್ನು ಅವನು ಸರಿಯಾಗಿಯೇ ಬರೆದಿರುವನು. ಆದರೂ ಅದರ ಕೆಳಗೆ ಕೆಂಪು ಗೆರೆ ಮೂಡುತ್ತದೆ. ತಾಲ್ಲೂಕಿನ ಹೆಸರಿನಲ್ಲಿ ನಿಜವಾಗಿಯೂ ದೋಷವಿದೆ. ಅಲ್ಲಿ ಗೆರೆಯೇ ಇಲ್ಲ. ಕಾಗುಣಿತ ಪರೀಕ್ಷಕವು ಹೀಗೇಕೆ ವರ್ತಿಸುತ್ತದೆ?

ಯಂತ್ರಕ್ಕೆ ಅಕ್ಷರದ ಆಕಾರವಾಗಲಿ ಪದದ ಅರ್ಥವಾಗಲಿ ತಿಳಿಯದು. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿ ಕನ್ನಡದ ಚಿಹ್ನೆಗಳಿಗೆ ಒಂದೊಂದು ಸಂಖ್ಯೆಯುಂಟು. ಪರೀಕ್ಷಕವು ಪದದ ಸಂಖ್ಯಾಸರಣಿಯನ್ನು ತನ್ನ ಪದಪಟ್ಟಿಯೊಡನೆ ಹೋಲಿಸಿ, ಅಲ್ಲಿ ದೊರೆಯದಿದ್ದರೆ ಗೆರೆ ಎಳೆಯುತ್ತದೆ. ಆದುದರಿಂದ ಕೆಂಪು ಗೆರೆಗೆ ‘ಇದು ತಪ್ಪು’ ಎಂಬ ಅರ್ಥವಿಲ್ಲ. ‘ಇದು ನನ್ನ ಪಟ್ಟಿಯಲ್ಲಿಲ್ಲ’ ಎಂಬುದಷ್ಟೇ ಅದರ ಅರ್ಥ.

ಪುಟವೆಲ್ಲ ಕೆಂಪಾದರೆ, ಇಲ್ಲವೆ ಒಂದು ಗೆರೆಯೂ ಮೂಡದಿದ್ದರೆ, ಮೊದಲು ಭಾಷೆಯ ಏರ್ಪಾಡನ್ನು ನೋಡಬೇಕು. ಬರೆಹಕ್ಕೆ ‘ಕನ್ನಡ’ ಎಂಬ ಗುರುತೂ, ಯಂತ್ರದಲ್ಲಿ ಕನ್ನಡ ಪದಕೋಶವೂ ಇರಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳು ರೋಮನ್ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುತ್ತವೆ. ಅಂತಹ ಬರೆಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸತಕ್ಕದ್ದು.

ಇನ್ನು ‘ಬಂಗಾರಪೇಟೆ’ಯ ದೋಷ. ನಮ್ಮ ಅನುಸ್ವಾರವೂ ಸೊನ್ನೆಯೂ ಕಣ್ಣಿಗೆ ಒಂದೇ ದುಂಡು. ಆದರೆ ಅನುಸ್ವಾರದ ಸಂಖ್ಯೆ ೩೨೦೨, ಸೊನ್ನೆಯದು ೩೩೦೨. ಅನುಸ್ವಾರದ ಬದಲು ಸೊನ್ನೆ ಒತ್ತಿದರೆ ನಮಗೆ ಭೇದ ಕಾಣದು. ಯಂತ್ರಕ್ಕೆ ಅದು ಬೇರೆಯೇ ಪದ. ಅಂಕಿ ಬೆರೆತ ಪದಗಳನ್ನು ಪರೀಕ್ಷಿಸದೆ ಬಿಡುವ ಏರ್ಪಾಡಿದ್ದರೆ ಗೆರೆಯೂ ಬೀಳದು. ನಷ್ಟವು ಅನಂತರ ತಿಳಿಯುತ್ತದೆ: ಪಟ್ಟಿಯಲ್ಲಿ ‘ಬಂಗಾರಪೇಟೆ’ ಎಂದು ಹುಡುಕಿದಾಗ ಆ ವಿದ್ಯಾರ್ಥಿಯ ಅರ್ಜಿ ಸಿಕ್ಕದೆ ಹೋಗಬಹುದು. ಆ ಏರ್ಪಾಡನ್ನು ಬದಲಿಸುವುದೂ, ಸಂಶಯವಿರುವಲ್ಲಿ ಪದವನ್ನು ಮತ್ತೆ ಬೆರಳಚ್ಚು ಮಾಡುವುದೂ ಇದಕ್ಕೆ ಪರಿಹಾರ.

‘ಕಾಮಸಮುದ್ರ’ವನ್ನು ಸ್ವಂತ ಪದಕೋಶಕ್ಕೆ ಸೇರಿಸಿದರೆ ಆ ಗೆರೆ ಅಳಿಯುವುದು. ಆದರೆ ‘ಕಾಮಸಮುದ್ರಕ್ಕೆ’, ‘ಕಾಮಸಮುದ್ರದಿಂದ’ ಎಂದೊಡನೆ ಅದು ಮತ್ತೆ ಮೂಡಬಹುದು. ಕನ್ನಡದಲ್ಲಿ ಒಂದೇ ಪದಕ್ಕೆ ವಿಭಕ್ತಿ, ಅವ್ಯಯ, ಸಂಧಿಗಳು ಸೇರಿ ನೂರಾರು ರೂಪಗಳಾಗುತ್ತವೆ. ಅವೆಲ್ಲವನ್ನೂ ಪಟ್ಟಿಮಾಡುವ ಬದಲು ಮೂಲಪದಗಳನ್ನೂ ಪ್ರತ್ಯಯಗಳ ನಿಯಮಗಳನ್ನೂ ಬೇರೆಬೇರೆಯಾಗಿ ಕೊಡುವುದು ಜಾಣತನ. ಲಿಬ್ರೆಆಫೀಸ್ ಬಳಸುವ ಹನ್‌ಸ್ಪೆಲ್ ಪರೀಕ್ಷಕದ ಕ್ರಮವು ಇದೇ. ಪ್ರತ್ಯಯಗಳಿಂದ ಪದ ಬೆಳೆಯುವ ಹಂಗೇರಿಯನ್ ಭಾಷೆಗಾಗಿ ಅದು ಮೊದಲು ರಚಿತವಾಯಿತು. ನಿಯಮಗಳು ಪೂರ್ಣವಾದಷ್ಟೂ ಸುಳ್ಳು ಗೆರೆಗಳು ಕಡಿಮೆಯಾಗುವುವು.

ಆದರೂ ಒಂದು ಮಿತಿಯುಂಟು. ‘ಹಸುವು ಹಲ್ಲು ಮೇಯುತ್ತಿದೆ’ ಎಂದು ಬರೆದರೆ, ಬರಿಯ ಪದಪಟ್ಟಿಯನ್ನು ನಂಬಿದ ಪರೀಕ್ಷಕವು ಸುಮ್ಮನಿರುತ್ತದೆ. ‘ಹಲ್ಲು’, ‘ಹುಲ್ಲು’ ಎರಡೂ ಪಟ್ಟಿಯಲ್ಲಿವೆ. ಅರ್ಜಿಯನ್ನು ಕಳುಹಿಸುವ ಮುನ್ನ ಒಮ್ಮೆ ಓದಿ ನೋಡುವ ಕೆಲಸವು ಬರೆದವನದೇ.