ಬಸ್ಸು ಕೈಕೊಟ್ಟ ರಾತ್ರಿ ಬೆನ್ನಿಗೊಂದು ಚೀಲ!

ಮಳೆಗಾಲದ ಸಂಜೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಹಬ್ಬಿತೆಂದರೆ ಸಾಕು, ನಿಂತವರ ಎದೆ ಧಸಕ್ಕೆನ್ನುತ್ತದೆ. “ಘಾಟಿ ಬಂದ್ ಅಂತೆ!”

ಯಾರು ಹೇಳಿದರು, ಎಲ್ಲಿ ಬಂದ್, ಯಾವಾಗ ಬಿಡ್ತಾರೆ? ಒಬ್ಬರಿಗೂ ಗೊತ್ತಿರುವುದಿಲ್ಲ. ಅಂಗಡಿಗೆ ಮಾಲು ತರಲು ಹೋದವರು, ಹಾಸನದ ಆಫೀಸು ಮುಗಿಸಿ ಬಂದವರು, ಆಸ್ಪತ್ರೆಯಿಂದ ವಾಪಸು ಹೊರಟ ಮುದುಕಿ, ಎಲ್ಲರೂ ಕಂಡಕ್ಟರ್ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಪಾಪ, ಆತ ತಾನೇ ಏನು ಮಾಡಿಯಾನು?

2018ರ ಆಗಸ್ಟ್ ತಿಂಗಳನ್ನು ಈ ಕಡೆಯವರು ಮರೆತಿಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿಯಿತು. ಸಂಪಾಜೆ ಕಡೆಯ ರಸ್ತೆಯೂ ಹೋಯಿತು. ರೈಲಿಗಾದರೂ ಹೋಗೋಣ ಎಂದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಹಳಿಯ ಮೇಲೂ ಮಣ್ಣು! ಮರುವರ್ಷ 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಜರಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆ. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಇಳಿದು ಜೀವಗಳನ್ನೇ ತೆಗೆದುಕೊಂಡಿತು.

ಗುಡ್ಡವೊಂದೇ ಅಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರು ಹೊತ್ತಿ ಉರಿದಾಗ ಬಸ್ಸೂ ಇಲ್ಲ, ಮೆಟ್ರೋನೂ ಇಲ್ಲ. ಆಫೀಸಿಗೆ ಹೋದವರು ನಡೆದೇ ಮನೆ ಸೇರಿದರು. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ ಶುರುವಾಗಿ ಎರಡು ವಾರ ಎಳೆಯಿತು. ಕಾರಣ ಯಾವುದಾದರೇನು, ಸಂಜೆ ಆರರ ಬಸ್ಸಿಗೆ ಕಾದವನ ಪಾಡು ಒಂದೇ.

ಇಂಥ ಹೊತ್ತಿಗೆಂದು ಅಮೆರಿಕದವರು ‘ಗೆಟ್ ಹೋಮ್ ಬ್ಯಾಗ್’ ಎಂಬುದನ್ನು ಕಟ್ಟಿಟ್ಟುಕೊಳ್ಳುತ್ತಾರೆ. ಮನೆಯಿಂದ ದೂರ ಇದ್ದಾಗ ಏನಾದರೂ ಅನಾಹುತವಾದರೆ ಮನೆ ಮುಟ್ಟುವ ತನಕ ಸಾಲುವಷ್ಟು ಸಾಮಾನಿನ ಚೀಲ. ಅಲ್ಲಿ ಕೆಲವರು ಕಟ್ಟುವ ಚೀಲದಲ್ಲಿ ಕೊಡಲಿ, ಮಡಚುವ ಗರಗಸ, ಮೀನಿನ ಗಾಳ ಎಲ್ಲಾ ಇರುತ್ತದೆ! ಮನೆಗೆ ಹೊರಟವರೋ ಕಾಡಿಗೆ ಹೊರಟವರೋ ಎಂದು ಅನುಮಾನ ಬರಬೇಕು. ಅದು ಅವರ ಊರಿನ ಲೆಕ್ಕ. ನಮ್ಮ ಲೆಕ್ಕ ಬೇರೆ.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಬೆನ್ನಿಗೆ ಚೀಲ ಹಾಕಿಕೊಂಡವನು ಗಂಟೆಗೆ 4 ಕಿಲೋಮೀಟರ್ ನಡೆದಾನು. ಅಂದರೆ 10 ಗಂಟೆ, ಅದೂ ನಿಲ್ಲದೆ. ಯಾರಿಗೆ ಸಾಧ್ಯ ಸ್ವಾಮಿ? ನಮ್ಮ ಕಡೆ ಈ ಚೀಲಕ್ಕೆ ಕೆಲಸ ಎರಡೇ. ಒಂದು, ರಾತ್ರಿ ಎಲ್ಲೋ ಕೂತು ಬೆಳಗು ಮಾಡುವುದು. ಎರಡು, ಸಿಕ್ಕಿದ ಗಾಡಿ ಹತ್ತಿ ಊರಿನ ಗೇಟಿನಲ್ಲಿ ಇಳಿದು ಅಲ್ಲಿಂದ ಒಳಗೆ ಮೂರೋ ನಾಲ್ಕೋ ಕಿಲೋಮೀಟರ್ ನಡೆಯುವುದು.

ಆ ನಡಿಗೆಯನ್ನು ಕತ್ತಲಲ್ಲಿ ಮಾಡಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಟಾರ್ಚ್ ಇದೆ ಎಂಬ ಧೈರ್ಯ ಆನೆಯ ಮುಂದೆ ನಡೆಯುವುದಿಲ್ಲ. ಯಾವ ಕಡೆ ಆನೆ ಇದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಈ ಭಾಗದಲ್ಲಿ ಬಂದಿದೆ. ಆ ಸಂದೇಶ ಓದಲಾದರೂ ಮೊಬೈಲಿನಲ್ಲಿ ಜೀವ ಇರಬೇಕಲ್ಲ! ಹಾಗಾಗಿ ಚೀಲದಲ್ಲಿ ಪವರ್ ಬ್ಯಾಂಕು ಇರಲಿ. ಮೂರು ತಿಂಗಳಿಗೊಮ್ಮೆ ಅದನ್ನು ಚಾರ್ಜ್ ಮಾಡಿ. ಹೆಂಡತಿ, ಅಣ್ಣ, ಪಕ್ಕದ ಅಂಗಡಿಯವರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ. ಇವತ್ತು ಸ್ವಂತ ಹೆಂಡತಿಯ ನಂಬರ್ ಬಾಯಿಪಾಠ ಇರುವ ಗಂಡಸರು ಎಷ್ಟು ಮಂದಿ ಹೇಳಿ? ಅದೇ ಚೀಟಿಯ ಕೆಳಗೆ 112 ಮತ್ತು ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077 ಬರೆದುಬಿಡಿ.

ಇನ್ನು ದುಡ್ಡಿನ ಸಂಗತಿ. ಎಲ್ಲಾ ಫೋನಿನಲ್ಲೇ ಪಾವತಿ ಮಾಡುವ ಕಾಲ ಇದು. ಜೇಬಿನಲ್ಲಿ ನೂರು ರೂಪಾಯಿ ಇಲ್ಲದೆ ಊರು ಸುತ್ತುತ್ತೇವೆ. ಗುಡ್ಡ ಕುಸಿದ ರಾತ್ರಿ ಕರೆಂಟು ಹೋಗುತ್ತದೆ, ಟವರ್ ಸಾಯುತ್ತದೆ, ಆಮೇಲೆ ಸ್ಕ್ಯಾನ್ ಮಾಡುವುದು ಏನನ್ನು? 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಆದರೆ ಬಸ್ಸಿಗೆ ಗುರುತಿನ ಚೀಟಿಯೊಂದೇ ಸಾಕು ಎಂದು ಬರಿಗೈಲಿ ಹೊರಡುವ ಅಕ್ಕಂದಿರು ಬಹಳ. ಸರ್ಕಾರಿ ಬಸ್ಸು ನಿಂತ ದಿನ ಮ್ಯಾಕ್ಸಿಕ್ಯಾಬ್‌ನವನು ಗುರುತಿನ ಚೀಟಿ ನೋಡಿ ಹತ್ತಿಸಿಕೊಳ್ಳುವುದಿಲ್ಲ! 500ರ ಒಂದು ನೋಟು ಇಡಬೇಡಿ, ಚಿಲ್ಲರೆ ಸಿಗುವುದಿಲ್ಲ. ಹತ್ತು, ಇಪ್ಪತ್ತು, ಐವತ್ತು, ನೂರರ ನೋಟುಗಳಲ್ಲಿ ಐದಾರು ನೂರು ರೂಪಾಯಿ ಒಳಜೇಬಿನಲ್ಲಿರಲಿ.

ಮಾತ್ರೆ ಮರೆತವರ ಪಾಡು ಇದಕ್ಕಿಂತ ಕಷ್ಟ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ರಾತ್ರಿಯದು ಮನೆಯಲ್ಲೇ ಇರುತ್ತದೆ. ಎರಡು ಮೂರು ದಿನಕ್ಕಾಗುವಷ್ಟು ಮಾತ್ರೆ, ಜತೆಗೆ ಡಾಕ್ಟರ್ ಚೀಟಿಯ ಜೆರಾಕ್ಸ್ ಚೀಲದಲ್ಲಿರಲಿ. ಇನ್ಸುಲಿನ್ ಮಾತ್ರ ಚೀಲದಲ್ಲೇ ಬಿಟ್ಟು ಮರೆಯಬಾರದು. ತಗಡಿನ ಅಂಗಡಿಯ ಸೆಖೆಗೆ ಅದು ಕೆಡುತ್ತದೆ.

ಉಳಿದ ಸಾಮಾನು ಸಣ್ಣದು. ಒಂದು ಲೀಟರ್ ನೀರು, ಕಡಲೆ ಮಿಠಾಯಿ, ಹುರಿಗಡಲೆ, ಒಂದೆರಡು ಓ.ಆರ್.ಎಸ್. ಪೊಟ್ಟಣ. ಟಾರ್ಚ್, ಅದರ ಸೆಲ್ಲು ಬೇರೆಯಾಗಿ, ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ತಿನ್ನುತ್ತದೆ. ಮಳೆ ಕೋಟು, ಒಂದು ಪಂಚೆ ಅಥವಾ ಹೊದಿಕೆ, ಒಣ ಕಾಲುಚೀಲ, ಒಂದು ವಿಷಲ್. ಹೆಂಗಸರಿಗೆ ಬೇಕಾದ ಪ್ಯಾಡು. ಎತ್ತರದ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋಗುವವರಿಗೆ ಒಂದು ಜತೆ ಹವಾಯಿ. ಎಲ್ಲಾ ಸೇರಿ ನಾಲ್ಕೈದು ಕಿಲೋ ದಾಟಬಾರದು. ನೀರೊಂದೇ ಒಂದು ಕಿಲೋ ತೂಗುತ್ತದೆ ಎಂಬುದು ನೆನಪಿರಲಿ.

ಸಾಮಾನು ಯಾರು ಬೇಕಾದರೂ ತುಂಬಿಯಾರು. ಜನ ಮೋಸ ಹೋಗುವುದು ಬ್ಯಾಗು ಕೊಳ್ಳುವಲ್ಲಿ.

“ತಗೊಳ್ಳಿ ಅಣ್ಣಾ, ಒಂದು ವರ್ಷ ಗ್ಯಾರಂಟಿ” ಎನ್ನುತ್ತಾರೆ ಫುಟ್‌ಪಾತಿನವರು. ಗ್ಯಾರಂಟಿ ಯಾವುದಕ್ಕೆ ಎಂದು ಕೇಳಿದರೆ ನಗುತ್ತಾರೆ. ಬಣ್ಣ ನೋಡಿ, ಜೇಬು ಎಣಿಸಿ ಕೊಳ್ಳುತ್ತೇವೆ. ಆದರೆ ಬ್ಯಾಗು ಬಟ್ಟೆಯ ನಡುವೆ ಹರಿಯುವುದು ಅಪರೂಪ. ಮೊದಲು ಕೈಕೊಡುವುದು ಹೆಗಲಪಟ್ಟಿ ಬೆನ್ನಿಗೆ ಸೇರುವ ಜಾಗ, ಆಮೇಲೆ ಜಿಪ್ಪು, ಅದಾದ ಮೇಲೆ ತಳದ ಮೂಲೆ. ಆದ್ದರಿಂದ ಅಂಗಡಿಯಲ್ಲೇ ಬ್ಯಾಗಿನ ಹೊಟ್ಟೆ ಹೊರಗೆ ಮಾಡಿ ನೋಡಿ. ಅಂಗಡಿಯವನು ಗುರಾಯಿಸಿದರೆ ಗುರಾಯಿಸಲಿ, ದುಡ್ಡು ನಿಮ್ಮದು.

ಹೆಗಲಪಟ್ಟಿಯ ತುದಿ ಅಂಚಿನ ಹೊಲಿಗೆಯಲ್ಲಿ ಒಂದೇ ಸಾಲಿನಿಂದ ನಿಂತಿದ್ದರೆ ಅಲ್ಲೇ ಇಟ್ಟು ಬನ್ನಿ. ಪಟ್ಟಿ ಸಾಕಷ್ಟು ಒಳಗೆ ಹೋಗಿರಬೇಕು. ಚೌಕದೊಳಗೆ ಗುಣಿಸುವ ಗುರುತಿನಂತೆ ಹೊಲಿದಿರಬೇಕು, ಇಲ್ಲವೇ ಒತ್ತೊತ್ತಾಗಿ ಅಡ್ಡ ಹೊಲಿಗೆ ಹಾಕಿರಬೇಕು. ಒಳಗಿನ ಬಟ್ಟೆಯ ಅಂಚಿಗೆ ಪಟ್ಟಿ ಕಟ್ಟಿ ಹೊಲಿದಿದ್ದರೆ ಒಳ್ಳೆಯದು. ದಾರ ಬಿಚ್ಚಿ ಜೋಲುತ್ತಿದ್ದರೆ ಆರು ತಿಂಗಳಲ್ಲಿ ಆ ಅಂಚು ಬಾಯಿ ಬಿಡುತ್ತದೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ತುಂಬಿದ ಎರಡು ನೀರಿನ ಬಾಟಲಿ ಒಳಗಿಟ್ಟು, ಒಂದೇ ಪಟ್ಟಿ ಹಿಡಿದು ಎತ್ತಿ ಜಗ್ಗಿ. ಹೊಲಿಗೆಯ ಸೂಜಿ ತೂತುಗಳು ಅಗಲವಾಗಿ ಬೆಳಕು ಕಂಡರೆ ಆ ಬ್ಯಾಗು ಬೇಡ.

ಈಗ ಬ್ಯಾಗಿನ ಚೀಟಿಯಲ್ಲಿ ‘600 ಡೀನಿಯರ್’, ‘1000 ಡೀನಿಯರ್’ ಎಂದು ಬರೆದಿರುತ್ತಾರೆ. ಅದೇನು ಮಂತ್ರವಲ್ಲ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. ಸಾವಿರದ್ದು ನೈಲಾನ್ ಆದರೆ ಗಟ್ಟಿ, ಆದರೆ ಭಾರ. ದಿನಾ ಬಸ್ಸಿಗೆ ಓಡಾಡುವವರಿಗೆ 600ರ ಪಾಲಿಯೆಸ್ಟರ್ ಧಾರಾಳ ಸಾಕು. ದಾರ ಎಷ್ಟೇ ದಪ್ಪ ಇರಲಿ, ಹೊಲಿಗೆ ಪೊಳ್ಳಾದರೆ ಡೀನಿಯರ್ ಬಂದು ಕಾಪಾಡುವುದಿಲ್ಲ. ಹಳೇ ಕ್ಯಾನ್‌ವಾಸ್ ಚೀಲವೂ ಗಟ್ಟಿಯೇ, ನೆನೆದರೆ ಮಾತ್ರ ಕಲ್ಲಿನ ಭಾರ, ಒಣಗಲು ಎರಡು ದಿನ.

ಜಿಪ್ಪಿನ ರನ್ನರ್ ಹಿಂದೆ 5, 8, 10 ಎಂಬ ಅಂಕಿ ಇರುವುದುಂಟು. ಹೆಚ್ಚು ಕಡಿಮೆ ಅದು ಮುಚ್ಚಿದ ಹಲ್ಲಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ದೊಡ್ಡ ಬಾಯಿಗೆ 8 ಅಥವಾ 10 ಇರಲಿ, ರನ್ನರ್ ಎರಡಿರಲಿ, ಒಂದು ಕೆಟ್ಟರೆ ಇನ್ನೊಂದು ಎಳೆಯಬಹುದು. ಮುಚ್ಚಿದ ಜಿಪ್ಪು ಹಿಂದಿನಿಂದ ಬಿಚ್ಚಿಕೊಳ್ಳುತ್ತಾ ಬಂದರೆ ಬ್ಯಾಗೇ ಹಾಳಾಯಿತೆಂದು ಎಸೆಯಬೇಡಿ. ಸಾಮಾನ್ಯವಾಗಿ ಸವೆದಿರುವುದು ರನ್ನರ್. ರಸ್ತೆ ಬದಿ ಬ್ಯಾಗು ರಿಪೇರಿ ಮಾಡುವವರು ಕೂತಲ್ಲೇ ಬೇರೆ ರನ್ನರ್ ಹಾಕಿಕೊಡುತ್ತಾರೆ. ಹೊಸ ಬ್ಯಾಗಿನ ಹೆಗಲಪಟ್ಟಿಗೂ ಅವರ ಹತ್ತಿರವೇ ಇನ್ನೊಂದು ಸಾಲು ಹೊಲಿಗೆ ಹಾಕಿಸಿದರೆ ಖರ್ಚು ಕಡಿಮೆ, ಬಾಳಿಕೆ ಜಾಸ್ತಿ.

‘ವಾಟರ್ ಪ್ರೂಫ್’ ಎಂಬ ಬರಹವನ್ನು ನಂಬಿ ಮಲೆನಾಡಿನ ಮಳೆಗೆ ಇಳಿಯಬೇಡಿ. ಬಟ್ಟೆ ನೀರು ತಡೆದರೂ ಸೂಜಿ ತೂತು ತಡೆಯುವುದಿಲ್ಲ, ಜಿಪ್ಪು ತಡೆಯುವುದಿಲ್ಲ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಅದರೊಳಗೆ ಸಾಮಾನು ತುಂಬಿ, ಬಾಯಿ ಸುತ್ತಿ ಕಟ್ಟಿ. ನೆಂದ ಬ್ಯಾಗನ್ನು ಹಾಗೇ ಮೂಲೆಗೆ ಎಸೆದರೆ ಒಳಗಿನ ಲೇಪನ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಬಣ್ಣದ ಬಗ್ಗೆ ಒಂದು ಮಾತು. ಮಿಲಿಟರಿ ಬಣ್ಣದ ಬ್ಯಾಗು ಈಗ ಹುಡುಗರಿಗೆ ಹುಚ್ಚು. ಗಲಾಟೆ ದಿನ ಅದನ್ನು ಹಾಕಿಕೊಂಡು ಪೊಲೀಸರ ಕಣ್ಣಿಗೆ ಬೀಳುವುದು ಯಾಕೆ? ಮಳೆಯ ಮಬ್ಬಿನಲ್ಲಿ ರಸ್ತೆ ಪಕ್ಕ ನಡೆಯುವವನ ಬೆನ್ನು ಲಾರಿಯವನಿಗೆ ಕಾಣಬೇಕು. ಹೊಳೆಯುವ ಟೇಪು ಒಂದು ಗೇಣು ಅಂಟಿಸಿದರೂ ಆಯಿತು.

ಎಲ್ಲಾ ಇದ್ದರೂ ಹೊರಡದೇ ಇರುವುದೇ ಜಾಣತನ ಎನಿಸುವ ರಾತ್ರಿಗಳಿವೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭಾರಿ ಭೂಕಂಪವಾದಾಗ ಟೋಕಿಯೋದ ರೈಲುಗಳು ನಿಂತು, ಲಕ್ಷಾಂತರ ಜನ ಒಟ್ಟಿಗೆ ಮನೆ ಕಡೆ ನಡೆದು ರಸ್ತೆಗಳೆಲ್ಲಾ ಕಟ್ಟಿಕೊಂಡವು. 2013ರ ಏಪ್ರಿಲಿನಿಂದ ಅಲ್ಲಿ ಹೊಸ ನಿಯಮ ಬಂತು. ಅನಾಹುತವಾದರೆ ನೌಕರರನ್ನು ತಕ್ಷಣ ಮನೆಗೆ ಅಟ್ಟಬೇಡಿ, ಮೂರು ದಿನಕ್ಕಾಗುವಷ್ಟು ನೀರು, ಊಟ ಕಚೇರಿಯಲ್ಲೇ ಇಟ್ಟಿರಿ ಎಂದು ಮಾಲೀಕರಿಗೆ ಹೇಳಿದರು. ನಮ್ಮ ಅಂಗಡಿ ಯಜಮಾನರು ಮೂರು ದಿನದ ಊಟ ಇಡಬೇಕಾಗಿಲ್ಲ. ದೂರದ ಹಳ್ಳಿಯಿಂದ ಬರುವ ಕೆಲಸದ ಹುಡುಗಿಗೆ, ಹುಡುಗನಿಗೆ ಮಳೆ ಜೋರಾದ ದಿನ ನಾಲ್ಕು ಗಂಟೆಗೇ “ಹೊರಡಮ್ಮ”, “ಹೊರಡಪ್ಪ” ಎಂದರೆ ಅದೇ ದೊಡ್ಡದು.

ಚೀಲವನ್ನು ಮನೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಕೆಲಸದ ಜಾಗದಲ್ಲಿ, ಅಂಗಡಿಯ ಗಲ್ಲಾದ ಕೆಳಗೆ ಇರಬೇಕು. ಗೋಡೌನಿನಲ್ಲಿ ಬೇಡ, ಇಲಿ ಬಿಡುವುದಿಲ್ಲ. ತಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ. ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ ಒಮ್ಮೆ ಬಿಚ್ಚಿ ಮಾತ್ರೆಯ ತಾರೀಖು ನೋಡಿ, ನೀರು ಬದಲಿಸಿ. ಹಳೇ ಕಡಲೆ ಮಿಠಾಯಿಯನ್ನು ಅಲ್ಲೇ ಕೂತು ತಿಂದು ಹೊಸದು ಹಾಕಿ. ಡಬ್ಬಿ ಆಗಲೇ ಖಾಲಿಯಾಗಿದ್ದರೆ ಅಂಗಡಿಯ ಹುಡುಗನನ್ನು ಬೈಯಬೇಡಿ, ಇನ್ನೊಂದು ಪೊಟ್ಟಣ ತಂದಿಡಿ.