ಚೌಕವೇ ವಿಶ್ವವಿದ್ಯಾಲಯವಾದಾಗ

ಜನಪ್ರತಿನಿಧಿಗಳ ಕಿವಿಗೆ ನೇರವಾಗಿ ಬೀಳುವಷ್ಟು ಸಮೀಪದಲ್ಲಿ ನಿಂತು ಪ್ರಜೆಗಳು ಮಾತನಾಡಬಲ್ಲ ಜಾಗ ಎಷ್ಟು ರಾಜಧಾನಿಗಳಲ್ಲಿ ಉಳಿದಿದೆ? ಟ್ರಿನಿಡಾಡ್ ಮತ್ತು ಟೊಬೇಗೊದ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ವುಡ್‌ಫರ್ಡ್ ಚೌಕವನ್ನು ನೋಡಿದಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಕಬ್ಬಿಣದ ಬೇಲಿ, ನೆರಳು ಚೆಲ್ಲುವ ಮರಗಳು, ಹತ್ತೊಂಬತ್ತನೇ ಶತಮಾನದ ಕಾರಂಜಿ: ಕಣ್ಣಿಗೆ ಇದೊಂದು ಸಾಧಾರಣ ಉದ್ಯಾನ. ಆದರೆ ರಸ್ತೆ ದಾಟಿದರೆ ಸಂಸತ್ತು ಸೇರುವ 'ರೆಡ್ ಹೌಸ್'.

ಬ್ರಿಟಿಷ್ ಗವರ್ನರ್ ರಾಲ್ಫ್ ವುಡ್‌ಫರ್ಡ್‌ನ ಹೆಸರು ಹೊತ್ತ ಈ ಚೌಕ ಹಿಂದೆ ಬ್ರನ್ಸ್‌ವಿಕ್ ಚೌಕವಾಗಿತ್ತು. 1903ರ ಮಾರ್ಚ್ 23ರಂದು ನೀರಿನ ದರದ ಮಸೂದೆಯನ್ನು ವಿರೋಧಿಸಿ ತೆರಿಗೆದಾರರು ಇಲ್ಲಿ ಸೇರಿದ್ದರು. ಶಾಸನ ಪರಿಷತ್ತಿನ ಕಲಾಪ ನೋಡಲು ಪ್ರವೇಶಪತ್ರ ಬೇಕೆಂಬ ನಿಯಮ ಅವರ ಸಿಟ್ಟಿಗೆ ತುಪ್ಪ ಸುರಿಯಿತು. ಕಲ್ಲು ತೂರಾಟ ನಡೆದು ರೆಡ್ ಹೌಸ್ ಬೆಂಕಿಗೆ ಆಹುತಿಯಾಯಿತು. ಗೋಲಿಬಾರಿನಲ್ಲಿ ಹದಿನಾರು ಮಂದಿ ಸತ್ತರು. ಮುಚ್ಚಿದ ಬಾಗಿಲಿನ ಬೆಲೆ ಎಷ್ಟೆಂಬುದನ್ನು ಈ ನಗರ ಅಂದೇ ಕಂಡಿತು.

ಮುಂದಿನ ಅಧ್ಯಾಯ ಹೆಚ್ಚು ಆಶಾದಾಯಕ. 'ಬಂಡವಾಳಶಾಹಿ ಮತ್ತು ಗುಲಾಮಗಿರಿ' ಕೃತಿಯ ಇತಿಹಾಸಕಾರ ಎರಿಕ್ ವಿಲಿಯಮ್ಸ್, 1955ರಲ್ಲಿ ಕೆರಿಬಿಯನ್ ಆಯೋಗದ ಹುದ್ದೆ ಕಳೆದುಕೊಂಡ ಬಳಿಕ ಜನರನ್ನು ಸೇರಿಸಿ ಈ ಚೌಕದಲ್ಲಿ ಉಪನ್ಯಾಸ ಕೊಡತೊಡಗಿದರು. ಸಂವಿಧಾನ, ಆರ್ಥಿಕತೆ, ವಸಾಹತಿನ ಚರಿತ್ರೆ: ಆಕ್ಸ್‌ಫರ್ಡ್‌ನಲ್ಲಿ ಪಡೆದ ವಿದ್ಯೆಯನ್ನು ಅವರು ಬಯಲಿಗೆ ತಂದರು. ಅದಕ್ಕೆ 'ವುಡ್‌ಫರ್ಡ್ ಚೌಕದ ವಿಶ್ವವಿದ್ಯಾಲಯ' ಎಂಬ ಹೆಸರು ಬಂತು. 1956ರಲ್ಲಿ ಅವರ ಪಕ್ಷ ಚುನಾವಣೆ ಗೆದ್ದಿತು; 1962ರ ಆಗಸ್ಟ್ 31ರಂದು ದೇಶ ಸ್ವತಂತ್ರವಾಯಿತು.

ಆದರೆ ಆ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಸಮಾನ ಸ್ಥಾನವಿತ್ತೆಂದು ಹೇಳಲಾಗದು. 1845ರಿಂದ 1917ರವರೆಗೆ ಕಬ್ಬಿನ ಗದ್ದೆಗಳಿಗೆ ಕರಾರಿನ ಮೇಲೆ ಕರೆತರಲಾದ ಭಾರತೀಯರ ಸಂತತಿ ಹೆಚ್ಚಾಗಿ ವಿರೋಧ ಪಕ್ಷದ ಬೆನ್ನಿಗೆ ನಿಂತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಈ ಬಿರುಕು ಮುಚ್ಚಲಿಲ್ಲ.

1970ರಲ್ಲಿ 'ಬ್ಲ್ಯಾಕ್ ಪವರ್' ಚಳವಳಿಯ ಯುವಕರು ಇದೇ ಚೌಕವನ್ನು 'ಜನತಾ ಸಂಸತ್ತು' ಎಂದು ಕರೆದರು. ಆ ಮಾರ್ಚ್‌ನಲ್ಲಿ ಆಫ್ರಿಕನ್ ಮತ್ತು ಭಾರತೀಯ ಮೂಲದವರ ಐಕ್ಯವನ್ನು ಸಾರುತ್ತ ಅವರು ಕಬ್ಬು ಬೆಳೆಯುವ ಕರೋನಿ ಸೀಮೆಗೂ ನಡೆದುಹೋದರು. ಈ ಬಾರಿ ಪ್ರಶ್ನೆಗೆ ಗುರಿಯಾದವರು ಪ್ರಧಾನಿ ಎರಿಕ್ ವಿಲಿಯಮ್ಸ್! ಸರ್ಕಾರ ಏಪ್ರಿಲ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಸಭೆ, ಮೆರವಣಿಗೆಗಳನ್ನು ಹತ್ತಿಕ್ಕಬಲ್ಲ ಮಸೂದೆಯನ್ನೂ ತಂದಿತು. ಜನರ ವಿರೋಧಕ್ಕೆ ಮಣಿದು ಹಿಂದೆಗೆದುಕೊಳ್ಳಬೇಕಾಯಿತು. ತಾನು ಕಲಿಸಿದ ಪಾಠವನ್ನು ಶಿಷ್ಯರು ಒಪ್ಪಿಸಿದಾಗ ಗುರುವಿಗೆ ಅದು ಹಿತವಾಗಲಿಲ್ಲ.

1990ರ ಜುಲೈನಲ್ಲಿ ಬಂದೂಕುಧಾರಿಗಳು ರೆಡ್ ಹೌಸ್‌ಗೆ ನುಗ್ಗಿ ಪ್ರಧಾನಿಯನ್ನೂ ಸಂಸದರನ್ನೂ ಆರು ದಿನಗಳ ಕಾಲ ಒತ್ತೆಯಲ್ಲಿಟ್ಟರು. ಅದು ಚೌಕದ ಪರಂಪರೆಯಲ್ಲ, ಅದರ ನಿರಾಕರಣೆ. ವಾದಿಸುವವನಿಗೆ ಎದುರಾಳಿ ಬೇಕು. ಬಂದೂಕು ಹಿಡಿದವನಿಗೆ ಬೇಕಿರುವುದು ಒತ್ತೆಯಾಳು ಮಾತ್ರ. ದುರಸ್ತಿಗಾಗಿ ಬೇರೆಡೆಗೆ ಹೋಗಿದ್ದ ಸಂಸತ್ತು 2020ರಲ್ಲಿ ಈ ಕಟ್ಟಡಕ್ಕೆ ಮರಳಿತು.

ಪ್ರತಿಭಟನೆಯನ್ನು ಊರಾಚೆಗೆ ಅಟ್ಟುವುದೇ ಸುವ್ಯವಸ್ಥೆ ಎಂದು ನಂಬಿರುವ ಆಡಳಿತಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಿಗೆ ಈ ಚೌಕದ ಚರಿತ್ರೆ ಹೇಳುವುದು ಇಷ್ಟೆ: ಸಂಸತ್ತಿನ ಎದುರಿನ ಬಯಲು ಅಧಿಕಾರಕ್ಕೆ ಏರಿಸುವ ಮೆಟ್ಟಿಲು ಮಾತ್ರವಲ್ಲ, ಏರಿದವರ ಲೆಕ್ಕ ಕೇಳುವ ಕಟಕಟೆಯೂ ಹೌದು. ಮೆಟ್ಟಿಲನ್ನು ಬಳಸಿಕೊಂಡವರು ಕಟಕಟೆಯನ್ನು ಕಿತ್ತುಹಾಕುವಂತಿಲ್ಲ.